ಮಾಸ್ತರರು ಓದಿದ ತಾರು

ಕಳೆದ ವಾರ ಪಕ್ಕದ ಮನೆಯ ಹುಡುಗಿ ಪೇಢೆಯ ಡಬ್ಬಿ ಹಿಡಿದು ಬಂದಳು. ಹತ್ತನೆಯ ಇಯತ್ತೆಯ ರಿಸಲ್ಟ್ ಬಂದಿತ್ತು. "ಆಜಿ, ಪಾಸಾದ್ನಿರಿ, ಬಾಯಿ ಸಿಹಿ ಮಾಡ್ಕೋರಿ" ಎಂದು ಮುಚ್ಚಳ ತೆಗೆದಳು. ಕಾಸಿದ ಹಾಲು, ಏಲಕ್ಕಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ವಿಜಾಪುರ ರಸ್ತೆಯ ಈ ಮನೆಯಲ್ಲಿ ಇರಲಿಲ್ಲ. ಅಕ್ಕಲಕೋಟೆಯ ನಮ್ಮ ಸಾಲೆಯ ಅಂಗಳದಲ್ಲಿ, ಮಾಸ್ತರರ ಪಕ್ಕ ನಿಂತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಅಕ್ಕಲಕೋಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕನ್ನಡ ಸಾಲೆಗೆ ಹೋಗುತ್ತಿದ್ದೆ. ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ವಿಜಾಪುರದ ಕಡೆಯವರು. ಬಿಳಿ ಧೋತರ, ಮಾಸಿದ ಕರಿ ಕೋಟು, ಕೋಟಿನ ಜೇಬಿನಲ್ಲಿ ಹುರಿದ ಶೇಂಗಾ. ಪಾಠ ಮಾಡುತ್ತಲೇ ಒಂದೊಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಳ್ಳುವರು, ಸಿಪ್ಪೆಯನ್ನು ಮತ್ತೆ ಅದೇ ಜೇಬಿಗೆ ಇಳಿಸುವರು.

ಶನಿವಾರ ಅವರು ಪುಸ್ತಕ ತೆರೆಯುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಇಂಗ್ಲಿಷ್ ಶಬ್ದ ಬರೆದು, ಅದಕ್ಕೆಷ್ಟು ಅರ್ಥ ಎಂದು ಕೇಳುವರು. ಒಂದು ಶನಿವಾರ 'ಪಾಸ್' ಎಂದು ಬರೆದರು. ಪರೀಕ್ಷೆ ಪಾಸಾಗೋದು ಎಂದು ಎಲ್ಲರೂ ಕೂಗಿದೆವು. ಅವರು ನಕ್ಕು ಬೋರ್ಡು ತುಂಬಿಸಿದರು. ಬಸ್ಸಿನ ಪಾಸು, ಘಟ್ಟದ ನಡುವಿನ ದಾರಿ, ಮುಂದೆ ಹಾದು ಹೋಗೋದು, ಊಟಕ್ಕೆ ಕೂತಾಗ ಉಪ್ಪು ಈಚೆ ದಾಟಿಸೋದು, ಹೊತ್ತು ಕಳೆಯೋದು, ಕಾನೂನು ಮಂಜೂರಾಗೋದು... ಕಟ್ಟಕಡೆಗೆ ಬೋರ್ಡಿನ ಮೂಲೆಯಲ್ಲಿ 'ತೀರಿಕೊಳ್ಳುವುದು' ಎಂದು ಬರೆದರು. "ಇಂಗ್ಲಿಷಿನವ್ರು ಸತ್ತ ಅಂತ ನೆಟ್ಟಗ ಅನ್ನೂದಿಲ್ಲ. ನಾವರೆ ಎಲ್ಲಿ ಅಂತೀವಿ? ಹೋದ, ತೀರ್ಕೊಂಡ, ಶಿವಾಧೀನ ಆದ. ಬಾಯಿಗೆ ಬರೂದಿಲ್ಲ ಆ ಮಾತು," ಅಂದರು.

ಅದಾಗಿ ಹದಿನೈದು ದಿನವಾಗಿರಬೇಕು. ಸಂತೆಯ ದಿನ. ಹಳ್ಳಿಯಿಂದ ಕುರಿ ಮಾರಲು ಬಂದ ಗಂಡ ಹೆಂಡತಿ ಸಾಲೆಯ ಬೇವಿನ ಮರದ ಕೆಳಗೆ ಕುಳಿತಿದ್ದರು. ಅವರ ಒಬ್ಬನೇ ಮಗ ನಮ್ಮ ಸಾಲೆಯವನೇ. ಇಂಗ್ಲಿಷಿನಲ್ಲಿ ಎರಡು ಸಲ ನಾಪಾಸಾದವನನ್ನು ಮಾಸ್ತರರು ಮನೆಗೆ ಕರೆಸಿಕೊಂಡು ಕಲಿಸಿ ಮೂರನೆಯ ಸಲ ದಾಟಿಸಿದ್ದರು. ಈಗ ಅವನು ಪೊಲೀಸ್ ನೌಕರಿಯ ಭರ್ತಿಗೆಂದು ಪುಣೆಗೆ ಹೋಗಿದ್ದ. ಹಳ್ಳಿಯಲ್ಲಿ ಪೋಸ್ಟು ಇರಲಿಲ್ಲ, ಹಾಗಾಗಿ ಸಾಲೆಯ ವಿಳಾಸ ಕೊಟ್ಟಿದ್ದ. ಏನಾದರೂ ಸುದ್ದಿ ಬಂತೇ ಎಂದು ಕೇಳಲು ಅವರು ಬಂದಿದ್ದರು.

ಅವರು ಕುಳಿತಿರುವಾಗಲೇ ಪೋಸ್ಟಿನವನು ತಾರು, ಅಂದರೆ ಟೆಲಿಗ್ರಾಂ, ತಂದ. ಮಾಸ್ತರರು ಹೊರಗೆ ಬಂದರು. ಹಾಜರಿ ಪುಸ್ತಕ ಹಿಡಿದು ನಾನೂ ಹಿಂದೆ ಬಂದೆ. ಅವರು ಕಾಗದ ಬಿಡಿಸಿ, ರೂಢಿಯಂತೆ ದೊಡ್ಡದಾಗಿ ಓದಿದರು. "ಸನ್ ಪಾಸ್ಡ್ ಮಾರ್ನಿಂಗ್. ಕಮ್ ಸೂನ್."

ಆ ತಾಯಿಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಎರಡೇ ಶಬ್ದ, ಪಾಸು ಮತ್ತು ನಾಪಾಸು. ತಟ್ಟನೆ ಎದ್ದಳು. "ಪಾಸಾದ್ನೇನ್ರಿ ಮಾಸ್ತರ? ಪಾಸ್ ಅಂದ್ರಲ್ರಿ!"

ಮಾಸ್ತರರು ಕಾಗದವನ್ನೇ ನೋಡುತ್ತಿದ್ದರು. ನಾನು ಅವರ ಮೊಣಕೈ ಪಕ್ಕದಿಂದ ಬಗ್ಗಿ ಓದಿದೆ. ಪಾಸಾದವನ ತಂದೆ ತಾಯಿಗೆ ಲಗೂ ಬರ್ರಿ ಎಂದು ಯಾರು ತಾರು ಹೊಡೆಯುತ್ತಾರೆ? ಬೋರ್ಡಿನ ಮೂಲೆಯ ಆ ಶಬ್ದ ಕಣ್ಣ ಮುಂದೆ ಬಂತು. ಬಾಯಿ ತೆರೆದೆ. ಮಾಸ್ತರರು ನನ್ನತ್ತ ನೋಡಿ, ಇಷ್ಟೇ ಇಷ್ಟು ತಲೆ ಆಡಿಸಿದರು, ಬೇಡ ಎಂಬಂತೆ.

"ಹೌದ್ ತಾಯಿ," ಅಂದರು. "ಪಾಸಾಗ್ಯಾನ."

ಆಕೆ ಉಡಿಯಿಂದ ಬೀರಪ್ಪನ ಭಂಡಾರ ತೆಗೆದು ಮಾಸ್ತರರ ಹಣೆಗೆ ಬಳಿದಳು. ಕಾಲು ಮುಟ್ಟಿದಳು. ಗಂಡ ಸಂತೆಗೆ ಓಡಿ ಪೇಢೆ ತಂದ. ಆಕೆ ತನ್ನ ಕೈಯಾರೆ ನನ್ನ ಬಾಯಿಗೂ ಒಂದು ಇಟ್ಟಳು. "ತಿನ್ನವ್ವಾ, ನಿಮ್ಮಣ್ಣ ಪಾಸಾಗ್ಯಾನ." ನಾನು ನುಂಗಿದೆ. ಅರಿಸಿನ ಮೆತ್ತಿದ ಹಣೆಯಲ್ಲೇ ಮಾಸ್ತರರು, "ಪುಣೆಗೆ ನಾನೂ ಬರ್ತೀನಿ," ಅಂದರು. ಆ ತಾಯಿಯೂ ಹೊರಟಾಗ ಗಂಡ ಗದರಿದ. "ನೀ ಯಾಕ? ಮನಿಗಿ ಹೋಗಿ ಹೋಳಿಗಿ ಮಾಡಿಡು, ಕರ್ಕೊಂಡ ಬರ್ತೀವಿ." ಮಾಸ್ತರರು ತಾರನ್ನು ಮಡಚಿ ಕೋಟಿನ ಜೇಬಿಗೆ ಇಳಿಸಿದರು.

ಮುಂದೆ ರೈಲಿನಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದು, ನನ್ನ ಮದುವೆ ಗೊತ್ತಾಗಿ ನಮಸ್ಕಾರ ಮಾಡಲು ಹೋದಾಗ. "ಕುರ್ಡುವಾಡಿ ಬಂದ ಮ್ಯಾಲೆ ಹೇಳೂಣು ಅಂದ್ಕೊಂಡೆ. ಹುಡುಗನ ಅಪ್ಪ ಎದುರಿಗಿ ಕುಂತ ಮಂದೀಗಿ ಪೇಢೆ ಹಂಚಾಕತ್ತಿದ್ದ. ದೌಂಡದಾಗ ಹೇಳೂಣು ಅಂದ್ಕೊಂಡೆ, ಅಲ್ಲಿ ಮಲಗಿಬಿಟ್ಟಿದ್ದ. ನಕ್ಕೋತ ಮಲಗಿದ್ದ ನೋಡವಾ... ನನಗೂ ಆಶಾ ಇತ್ತು. ಖರೇನ ಪಾಸಾಗಿದ್ರ? ಶಬ್ದಕ್ಕ ಎರಡೂ ಅರ್ಥ ಅದಾವಲ್ಲ."

ಎರಡೂ ಅರ್ಥ ನಿಜವಾಗಿದ್ದವು. ಹುಡುಗ ಓಟದ ಪರೀಕ್ಷೆಯಲ್ಲಿ ಪಾಸಾಗಿದ್ದ, ಆ ಚೀಟಿ ಅವನ ಅಂಗಿಯ ಕಿಸೆಯಲ್ಲಿತ್ತು. ಅದೇ ಸಂಜೆ ವಾಂತಿ ಭೇದಿ ಹಿಡಿದು ಬೆಳಗಾಗುವಷ್ಟರಲ್ಲಿ ಮುಗಿದಿದ್ದ. ಅವನಿದ್ದ ಖೋಲಿಯ ಪಕ್ಕದವರಾರೋ ತಾರು ಕಳಿಸಿದ್ದರು. ಬೇಸಿಗೆ, ಹೆಣ ಇಡುವಂತಿರಲಿಲ್ಲ. ಇಬ್ಬರೂ ಅಲ್ಲೇ ಮಣ್ಣು ಮಾಡಿ ಬಂದರು.

ನಾಲ್ಕನೆಯ ದಿನವೋ ಐದನೆಯ ದಿನವೋ ಆ ತಾಯಿ ಸಾಲೆಗೆ ಬಂದಳು. ಅಳುತ್ತಿರಲಿಲ್ಲ. ವರ್ಗದ ಬಾಗಿಲಲ್ಲಿ ನಿಂತು ಕೇಳಿದಳು.

"ಮಾಸ್ತರ, ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು ತಾಯಿ."

"ಮತ್ತ ನನ್ನ ಯಾಕ ಬಿಟ್ಟು ಹೋದ್ರಿ? ಕಡೀಕ ಒಂದ್ ಸಲ ಮಾರಿ ನೋಡ್ತಿದ್ನೆಲ್ರಿ."

ಮಾಸ್ತರರು ಕೈಮುಗಿದು ನಿಂತರು. ಆಕೆ ಮೊದಲ ಸಾಲಿನಲ್ಲಿ ಕುಳಿತ ನನ್ನನ್ನು ಗುರುತಿಸಿದಳು. "ನೀನೂ ಅಲ್ಲೇ ನಿಂತಿದ್ದೆಲ್ಲವ್ವಾ. ನಿನಗೂ ತಿಳಿದಿತ್ತೇನ?"

"ಇಲ್ರಿ," ಅಂದೆ.

ಮಾಸ್ತರರು ಕೇಳಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು, ತಿರುಗಿ ಹೊರಟುಹೋದಳು.

ಅಂದಿನಿಂದ ಶನಿವಾರದ ಶಬ್ದಗಳು ನಿಂತವು. ಜೂನ್ ತಿಂಗಳಿಂದ ಮಾಸ್ತರರು ಇಂಗ್ಲಿಷ್ ಬಿಟ್ಟು ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡತೊಡಗಿದರು. ಓಣಿಯವರು ಕಾಗದ ಓದಿಸಲು ಬಂದರೆ, "ಕಣ್ಣು ಕಾಣೂದಿಲ್ಲಪಾ" ಎಂದು ಕಳಿಸಿಬಿಡುವರು. ಮದುವೆಗೆ ಮುಂಚೆ ಹೋದಾಗ ರೈಲಿನ ಮಾತೆಲ್ಲ ಹೇಳಿದರು. ನನ್ನ ಆ ಸುಳ್ಳಿನ ಮಾತು ಮಾತ್ರ ಎತ್ತಲಿಲ್ಲ. ಎತ್ತಿದ್ದರೆ ಅಂದೇ ಅತ್ತು ಹಗುರಾಗುತ್ತಿದ್ದೆನೇನೋ...

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಎರಡು ವರ್ಷ ತಡವಾಗಿ, ಸೋದರಮಾವನ ಮನೆಯ ಒಂದು ಲಗ್ನದಲ್ಲಿ, ಊಟದ ಪಂಕ್ತಿಯಲ್ಲಿ ಯಾರೋ ಮಾತಿನ ನಡುವೆ ಹೇಳಿದಾಗ. ಆ ತಾಯಿಯ ಹಳ್ಳಿಯನ್ನು ಹುಡುಕಿಕೊಂಡು ನಾನು ಒಮ್ಮೆಯೂ ಹೋಗಲಿಲ್ಲ. ಅಕ್ಕಲಕೋಟೆಗೆ ಇಲ್ಲಿಂದ ಒಂದು ತಾಸಿನ ಹಾದಿ. ಈಗ ಆಕೆಯೂ ಇರಲಾರಳು. ಮಾಸ್ತರರು ತಮ್ಮ ತಪ್ಪನ್ನು ಆಕೆಯ ಎದುರಿಗೇ ನಿಂತು ಒಪ್ಪಿಕೊಂಡರು. ನನ್ನದನ್ನು ಒಪ್ಪಿಕೊಳ್ಳಬೇಕೆಂದರೆ ಕೇಳುವವರು ಯಾರೂ ಉಳಿದಿಲ್ಲ.