ಕಸ್ತೂರಕ್ಕನ ಲಿನಕ್ಸ್, ಲಕ್ಕವ್ವನ ರಿಟರ್ನ್

ಬೆಳಗಿನ ಐದೂವರೆ. ಹುಕ್ಕೇರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಸ್ತೂರಿ ಮಗದುಮ್ ಮುಂಗೋಣೆಯ ಬಾಗಿಲು ತೆಗೆದು ಮೊದಲು ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ, ಆಮೇಲೆ ಕಸಬರಿಗೆ ಹಿಡಿಯುತ್ತಾರೆ. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದು ಬರುವಷ್ಟರಲ್ಲಿ ಹದಿಮೂರು ವರ್ಷದ ಆ ಯಂತ್ರ ಕೆಲಸಕ್ಕೆ ತಯಾರಾಗಿರುತ್ತದೆ. “ನಾನೂ ಅದೂ ಕೂಡೇ ಏಳತೇವ್ರಿ. ಅವಸರ ಮಾಡಿದ್ರ ಅದಕ್ಕ ಸಿಟ್ಟು ಬರತೈತಿ,” ಎಂದು ನಗುತ್ತಾರೆ.

ಊರವರಿಗೆಲ್ಲ ಕಸ್ತೂರಕ್ಕ ಆಗಿರುವ ಇವರದು ಆದಾಯ ತೆರಿಗೆ ರಿಟರ್ನ್ ತುಂಬುವ ಕೆಲಸ. ಸಂಕೇಶ್ವರದ ತೆರಿಗೆ ಸಲಹೆಗಾರರೊಬ್ಬರ ಬಳಿ ಒಂಬತ್ತು ವರ್ಷ ದುಡಿದರು. ಆ ಕಚೇರಿ ಮುಚ್ಚಿದಾಗ ಕೈಗೆ ಬಂದದ್ದು ಈ ಹಳೆಯ ಕಂಪ್ಯೂಟರ್ ಮಾತ್ರ. ಅದರ ವಿಂಡೋಸ್ ಆಗಲೇ ಕೈಕೊಟ್ಟಿತ್ತು, ಹೊಸದು ಕೊಳ್ಳುವ ತ್ರಾಣ ಇರಲಿಲ್ಲ. ಪಕ್ಕದ ಮನೆಯ ನಿವೃತ್ತ ವಿಜ್ಞಾನ ಮಾಸ್ತರರಾದ ಶಿದ್ಲಿಂಗಪ್ಪ ವಿಂಡೋಸಿನ ಜಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟರು. ಆದರೆ ತೆರಿಗೆ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದ್ದು. ಎರಡರ ನಡುವೆ ದುಭಾಷಿಯಂತೆ ನಿಲ್ಲುವ ಇನ್ನೊಂದು ಪುಕ್ಕಟೆ ಪ್ರೋಗ್ರಾಂ ಹುಡುಕಿ, ಮೂರು ತಿಂಗಳು ಗುದ್ದಾಡಿ, ಇಬ್ಬರೂ ಅದನ್ನು ದಾರಿಗೆ ತಂದರು. ಆರು ವರ್ಷವಾಯಿತು, ಹಂಗಾಮಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ರಿಟರ್ನ್ ಇಲ್ಲಿಂದ ಹೋಗುತ್ತವೆ. ಶಾಲು ಹೊದಿಸುವ ಸಂಘಗಳ ಕಣ್ಣಿಗೆ ಮಾತ್ರ ಈ ಓಣಿ ಇನ್ನೂ ಬಿದ್ದಿಲ್ಲ.

ಕಳೆದ ಡಿಸೆಂಬರ್ ಮೂವತ್ತೊಂದನ್ನು ಕಸ್ತೂರಕ್ಕ ಮರೆಯುವುದಿಲ್ಲ. ಅಂದು ಎದುರಿಗೆ ಕೂತಿದ್ದವರು ಸಂಕೇಶ್ವರದ ಕಡೆಯ ಲಕ್ಕವ್ವ, ಕುರಿ ಕಾಯುವ ಮನೆತನದ ಅಜ್ಜಿ. ಹೆದ್ದಾರಿಗೆ ಹೋದ ಹೊಲದ ಪರಿಹಾರ ಬ್ಯಾಂಕಿನಲ್ಲಿತ್ತು, ಅದರ ಬಡ್ಡಿಯಲ್ಲಿ ಬ್ಯಾಂಕಿನವರು ತೆರಿಗೆ ಮುರಿದುಕೊಂಡಿದ್ದರು. ತೆರಿಗೆ ಕಟ್ಟುವಷ್ಟು ಆದಾಯ ಅಜ್ಜಿಗಿಲ್ಲ, ಹಣ ವಾಪಸ್ ಬರಬೇಕು. ತಡವಾಗಿ ರಿಟರ್ನ್ ತುಂಬುವವರಿಗೂ ಅದೇ ಕಟ್ಟಕಡೆಯ ದಿನ. ಆ ದುಡ್ಡಿನಲ್ಲಿ ಕಿವಿಗೆ ಯಂತ್ರ ಕೊಳ್ಳಬೇಕಿತ್ತು. ಮೊಮ್ಮಗಳು ಏನು ಹೇಳುತ್ತಾಳೆಂದು ಅಜ್ಜಿಗೆ ಎರಡು ವರ್ಷದಿಂದ ಕೇಳಿಸಿರಲಿಲ್ಲ.

ತಂತ್ರಾಂಶದ ಹೊಸ ಆವೃತ್ತಿಯನ್ನು ಹಿಂದಿನ ದಿನವಷ್ಟೇ ಹಾಕಿದ್ದರು. ಅದು ತೆರೆಯಲೇ ಇಲ್ಲ, ಪರದೆ ಬರೀ ಬಿಳಿ. ಕಂಪನಿಗೆ ಫೋನ್ ಮಾಡಿದರೆ, ಲಿನಕ್ಸ್ ಎಂದ ಕೂಡಲೇ ಅತ್ತಲಿನವರು ವಿನಯದಿಂದಲೇ ಕೈಚೆಲ್ಲಿದರು. ಪೇಟೆಯ ಉಳಿದ ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲ. “ಒದರಿ ಹೇಳಿದ್ರೂ ಲಕ್ಕವ್ವಾಯಿಗೆ ತಿಳಿವಲ್ದ್ರಿ. ನನ್ನ ಮಾರಿ ನೋಡಿ ನಕ್ಕೋತ ಕುಂತಾಳ,” ಎಂದು ಕಸ್ತೂರಕ್ಕ ನೆನೆಯುತ್ತಾರೆ.

ಸುದ್ದಿ ತಿಳಿದು ಬಂದ ಶಿದ್ಲಿಂಗಪ್ಪ ಮಾಸ್ತರರು ಕನ್ನಡಕ ಏರಿಸಿ ನೋಡಿದರು. “ಈ ಫೋಲ್ಡರಿಗೆ ಏನ್ ಹೆಸರ ಇಟ್ಟಿಯವ್ವಾ ಕಸ್ತೂರಿ?”

ಕಸ್ತೂರಕ್ಕ ವ್ಯಾಪಾರಸ್ಥರ ಮನೆಯ ಮಗಳು. ಹೊಸ ಖಾತೆ ಪುಸ್ತಕದ ತಲೆಯಲ್ಲಿ ದೇವರ ಹೆಸರು ಬರೆಯದೆ ಅಂಕಿ ಬರೆದ ಮನೆತನವಲ್ಲ. ಹೊಸ ಆವೃತ್ತಿಗೆಂದು ಮಾಡಿದ ಫೋಲ್ಡರಿಗೆ ಭಕ್ತಿಯಿಂದ ಕನ್ನಡದಲ್ಲೇ ‘ಶ್ರೀ ಬಸವೇಶ್ವರ ಪ್ರಸನ್ನ’ ಎಂದು ಹೆಸರಿಟ್ಟಿದ್ದರು. ಕನ್ನಡ ಅಕ್ಷರ ಕಂಡು ಪ್ರೋಗ್ರಾಂ ಮುಗ್ಗರಿಸಿತ್ತು. ಬಸವೇಶ್ವರ ಪ್ರಸನ್ನನಾದರೂ ತಂತ್ರಾಂಶ ಆಗಬೇಕಲ್ಲ! “ಬಸವಣ್ಣನ್ನ ಮನಸಿನ್ಯಾಗ ಇಟ್ಕೋವಾ, ಫೋಲ್ಡರಿಗೆ ಇಂಗ್ಲಿಷ್ ಸಾಕು,” ಎಂದು ಮಾಸ್ತರರು ಹೆಸರು ಬದಲಿಸಿ ಮತ್ತೆ ಹಾಕಿದರು. ಪರದೆ ತೆರೆಯಿತು. ಸಂಜೆ ನಾಲ್ಕೂವರೆಗೆ ಲಕ್ಕವ್ವನ ರಿಟರ್ನ್ ಹೋಯಿತು.

“ಮಾಸ್ತರ ಋಣ ತೀರೂದಿಲ್ರಿ,” ಎನ್ನುತ್ತಾರೆ ಕಸ್ತೂರಕ್ಕ. “ಆ ಲಿನಕ್ಸ್ ಮಾಡಿದ ಮಂದೀದೂ ಅಷ್ಟ. ಅವರ ಮಾರಿ ನೋಡಿಲ್ಲ, ಹೆಸರ ಗೊತ್ತಿಲ್ಲ. ಅವರ ಅನ್ನಾ ಉಣ್ಣಾಕತ್ತೇನಿ.” ಪುಕ್ಕಟೆ ಸಿಕ್ಕದ್ದನ್ನೆಲ್ಲ ಬಳಸಿ, ಮಾಡಿದವರನ್ನು ಒಮ್ಮೆಯೂ ನೆನೆಯದ ನನಗೆ ಈ ಮಾತು ಕೇಳಿ ನಾಚಿಕೆಯಾಗುತ್ತದೆ.

ಇಷ್ಟು ವರ್ಷದಲ್ಲಿ ಯಾರಾದರೂ ನಿಮ್ಮನ್ನು ಸನ್ಮಾನಿಸಿದರೇ ಎಂದು ಕೇಳುತ್ತೇನೆ. ಕಸ್ತೂರಕ್ಕ ಸೆರಗಿನಿಂದ ಕೀಲಿಮಣೆ ಒರೆಸುತ್ತಾರೆ.

“ರೊಕ್ಕ ಬಂದ ಮ್ಯಾಲ ಲಕ್ಕವ್ವಾಯಿ ಬಂದಿದ್ಳ್ರಿ, ಕಿವಿಗಿ ಯಂತ್ರ ಹಾಕ್ಕೊಂಡು. ನಾ ರೂಢಿ ಪ್ರಕಾರ ಜೋರ್ ಒದರಿ ‘ಆರಾಮ ಅದಿಯೇನಬೇ ಆಯೀ’ ಅಂದೆ. ‘ಸಾವಕಾಶ ಮಾತಾಡವಾ, ನಾ ಏನ್ ಕಿವುಡಿ ಏನ?’ ಅಂತ ನನ್ನ ಬೈದ್ಳು.”