ಬಿಸಿಲು ಕುಡಿದ ಗಾಳದ ದಾರ

ಮೊನ್ನೆ ಅಂಗಡಿಗೆ ಹೊಸ ಗಿರಾಕಿಯೊಬ್ಬರು ಬಂದಿದ್ದರು. ಚಿಂತಾಮಣಿಯಿಂದ ನಮ್ಮ ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದಿರುವ ಲೈನ್‌ಮನ್. ವಾರವೆಲ್ಲ ಕಂಬ ಹತ್ತಿ ತಂತಿ ಎಳೆಯುವ ಮನುಷ್ಯನಿಗೆ ಭಾನುವಾರವೂ ಎಳೆಯುವುದಕ್ಕೆ ಏನಾದರೂ ಬೇಕಂತೆ. ಮೀನು ಹಿಡಿಯುವ ಹುಚ್ಚು. ಗಾಳದ ನೈಲಾನ್ ದಾರದ ಎರಡು ರೀಲು ಎತ್ತಿಕೊಂಡರು. ಒಂದನ್ನು ಯಾಕೋ ಮೂಸಿಯೂ ನೋಡಿದರು.

"ಇದನ್ನ ಮನೇಲಿ ಮಡಗಿದ್ರೆ ಎಷ್ಟು ವರ್ಷ ಬರುತ್ತಣ್ಣ?" ಎಂದರು.

ನನ್ನದು ಹಗ್ಗ, ಬಲೆ, ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಮಾರುವ ಅಂಗಡಿ. ಗಾಳದ ಸಾಮಾನಿಗೆ ಒಂದು ಮೂಲೆ ಅಷ್ಟೆ. ಆದರೆ ಯಾರಾದರೂ ಏನಾದರೂ ಕೇಳಿಬಿಟ್ಟರೆ ನನಗೆ ಮೇಷ್ಟ್ರಾಗುವ ಚಟ, ಹೆಂಡತಿ ಬೈದರೂ ಬಿಟ್ಟಿಲ್ಲ. ಶುರುಮಾಡಿದೆ. ಡಬ್ಬಿಯಲ್ಲಿ, ಕತ್ತಲಲ್ಲಿ, ತಣ್ಣಗಿರುವ ಕಡೆ ಇಟ್ಟರೆ ಮೂರು ನಾಲ್ಕು ವರ್ಷಕ್ಕೆ ಮೋಸವಿಲ್ಲ. ಬಿಸಿಲಿಗೆ ಬಿಟ್ಟರೆ ಒಂದು ಬೇಸಿಗೆಯೂ ಹೆಚ್ಚೇ. ಬೆರಳ ನಡುವೆ ಎಳೆದಾಗ ಒರಟಾದರೆ, ಬಣ್ಣ ಮಾಸಿ ಬೂದಿಯಂತಾದರೆ, ಬಿಚ್ಚಿದ ಮೇಲೂ ಸುರುಳಿ ಸುರುಳಿಯಾಗಿಯೇ ನಿಂತರೆ ಅದು ಮುಗಿದ ಹಾಗೆ. ಅನುಮಾನವಿದ್ದರೆ ಒಂದು ಗಂಟು ಹಾಕಿ ಜಗ್ಗಿ ನೋಡಿ. ಮೇಲಿನ ನಾಲ್ಕಾರು ಮಾರು ಕತ್ತರಿಸಿ ಎಸೆದು ಒಳಗಿನದನ್ನು ಬಳಸಿದರೆ ಇನ್ನೂ ಒಳ್ಳೆಯದು.

"ಎಲ್ಲಾ ತಿಳ್ಕೊಂಡಿದೀರ ಬಿಡಣ್ಣ" ಎಂದು ಅವರು ಸಂತೋಷದಿಂದ ಹೊರಟುಹೋದರು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲ ತಿಳಿದವನೇ ಹೌದು. ಎರಡು ವರ್ಷದ ಹಿಂದೆಯೂ ತಿಳಿದಿತ್ತು. ಆ ಕಥೆಯನ್ನು ನಿಮಗೆ ಹೇಳುತ್ತೇನೆ. ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಬಾಷಾ ಭಾಯ್ ಮನೆ. ಮನೆಗೆ ಅಂಟಿಕೊಂಡೇ ಅವರ ನೂಲು ಬಿಚ್ಚುವ ಶೆಡ್ಡು. ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ರೇಷ್ಮೆ ಗೂಡಿನ ವಾಸನೆ ಹೊಸಬರಿಗೆ ವಾಕರಿಕೆ ತರಿಸುತ್ತದೆ, ನಮಗೆ ಅದಿಲ್ಲದಿದ್ದರೆ ಊರಿನಲ್ಲಿ ಏನೋ ಆಗಿದೆ ಅನ್ನಿಸುತ್ತದೆ. ಭಾಯ್ ಹತ್ತನೇ ವಯಸ್ಸಿನಿಂದ ಆ ತೊಟ್ಟಿಯ ಮುಂದೆ ಕೂತವರು. ರೇಷ್ಮೆ ಎಳೆ ಕಡಿದರೆ ಕಣ್ಣಿಗೆ ಕಾಣುವ ಮೊದಲೇ ಅವರ ಬೆರಳಿಗೆ ಗೊತ್ತಾಗುತ್ತಿತ್ತು. ಹಾಕಿದ ಗಂಟನ್ನು ನೀವು ಹುಡುಕಬೇಕು, ಸಿಗುತ್ತಿರಲಿಲ್ಲ. ಅವರು ಹೊಗಳಿಕೊಳ್ಳುತ್ತಿದ್ದುದು ಅದೊಂದನ್ನೇ. "ನನ್ನ ಗಂಟು ಬಿಚ್ಚಿದ್ದು ಇದುವರೆಗೂ ಇಲ್ಲಪ್ಪಾ" ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕೆರೆಗೆ ಹೋಗುತ್ತಿದ್ದೆವು. ಮೀನು ಸಿಕ್ಕುತ್ತಿದ್ದುದು ಕಡಿಮೆ. ಅವರು ಉರ್ದುವಿನಲ್ಲಿ ಮೀನನ್ನು ಬೈಯುವುದು, ನಾನು ತೆಲುಗಿನಲ್ಲಿ ಬೈಯುವುದು, ಹನ್ನೊಂದಕ್ಕೆ ಎದ್ದು ಬರುವುದು. ಆ ವರ್ಷ ಕೆರೆ ತುಂಬಿ ಕೋಡಿ ಹರಿದಿತ್ತು. ಗೌರಿಬಿದನೂರಿಗೆ ಕೊಟ್ಟಿದ್ದ ಅವರ ಮಗಳು ಹಸುಗೂಸಿನೊಂದಿಗೆ ಬರುವವಳಿದ್ದಳು. ಭಾಯ್ ಶನಿವಾರ ಅಂಗಡಿಗೆ ಬಂದು, "ಈ ಸಲ ದೊಡ್ಡದೇ ಹಿಡೀಬೇಕು, ಒಳ್ಳೇ ದಾರ ಕೊಡು" ಎಂದರು.

ಬಾಗಿಲ ಮೊಳೆಗೆ ಒಂದು ರೀಲು ನೇತುಬಿಟ್ಟಿದ್ದೆ, ಹೋಗುವವರಿಗೆ ಕಾಣಲಿ ಎಂದು. ಪಡುವಣ ಬಿಸಿಲಿಗೆ ಮೂರು ಬೇಸಿಗೆ ತೂಗಿತ್ತು. ಒಳಗೆ ಡಬ್ಬಿಯಲ್ಲಿ ಹೊಸದೂ ಇತ್ತು. ಹಳೆಯದನ್ನು ಯಾರೂ ಕೊಳ್ಳುವುದಿಲ್ಲ, ಭಾಯ್ ಹಿಡಿಯುವುದು ಬೆರಳುದ್ದದ ಮೀನು, ಸಾಕು ಅನ್ನಿಸಿತು. ಧೂಳು ಒರೆಸಿ, "ಮೊಮ್ಮಗು ಬರ್ತಿದೆಯಲ್ಲ, ನನ್ನ ಕಡೆಯಿಂದ ಇಟ್ಕೊಳ್ಳಿ ಭಾಯ್" ಎಂದು ದೊಡ್ಡ ದಾನಿಯಂತೆ ಕೊಟ್ಟೆ. ಅವರು ನನ್ನ ತಲೆ ಮುಟ್ಟಿ ದುವಾ ಹೇಳಿದರು. ನನಗೆ ನಾನು ಡಬ್ಬಿಯದನ್ನು ಕತ್ತರಿಸಿಕೊಂಡೆ.

ಮರುದಿನ ಅವರ ಗಾಳಕ್ಕೆ ಕಾಟ್ಲಾ ಬಿತ್ತು. ಅಂಥ ದೊಡ್ಡ ಮೀನನ್ನು ಆ ಕೆರೆಯಲ್ಲಿ ನಾನು ನೋಡಿರಲಿಲ್ಲ. ಕೆಂಚಾರ್ಲಹಳ್ಳಿಯಿಂದ ಗೂಡು ಮಾರಲು ಬಂದಿದ್ದ ರೈತರು ಮೂರ್ನಾಲ್ಕು ಜನ ಟೆಂಪೋ ನಿಲ್ಲಿಸಿ ಕೆರೆ ಏರಿಯ ಮೇಲೆ ನಿಂತರು. ಭಾಯ್ ಬಿಡುತ್ತಾ ಎಳೆಯುತ್ತಾ ಅದನ್ನು ದಡದ ಹತ್ತಿರ ತಂದರು, ಬೆನ್ನು ಕಾಣಿಸಿತು. ಅಷ್ಟರಲ್ಲಿ ಪಟ್ ಎಂದಿತು. ಭಾಯ್ ಹಿಂದಕ್ಕೆ ಬಿದ್ದು ಕೆಸರಲ್ಲಿ ಕೂತರು.

"ಗಂಟು ಬಿಚ್ಚೋಯ್ತು ಸಾಬ್ರೇ!" ಎಂದು ಮೇಲಿಂದ ಯಾರೋ ನಕ್ಕರು.

ಭಾಯ್ ನಗಲಿಲ್ಲ. ದಾರದ ತುದಿ ನನ್ನ ಕೈಗೆ ಕೊಟ್ಟು, "ಗಂಟಾ ನೋಡಪ್ಪಾ, ನನ್ನ ಕಣ್ಣಿಗೆ ಕಾಣಲ್ಲ" ಎಂದರು.

ಗಾಳ ಕಟ್ಟಿದ ಗಂಟು ಜಾರಿದ್ದರೆ ದಾರದ ತುದಿ ಹಂದಿಯ ಬಾಲದಂತೆ ಸುತ್ತಿಕೊಂಡಿರುತ್ತದೆ. ಇದು ನೆಟ್ಟಗಿತ್ತು, ಒಣಕಡ್ಡಿ ಮುರಿದ ಹಾಗೆ. ನೋಡಿದ ಕೂಡಲೇ ಗೊತ್ತಾಯಿತು. ಏರಿಯ ಮೇಲೆ ಅಷ್ಟು ಜನ. ನನ್ನ ಅಂಗಡಿಯ ದಾರ.

"ಹೂಂ ಭಾಯ್, ಗಂಟೇ" ಎಂದೆ.

ಅವರು ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲಿನ ವಾರ ಕೆರೆಗೆ ಬರಲಿಲ್ಲ. ತಿಂಗಳೊಳಗೆ ತೊಟ್ಟಿಯ ಮುಂದಿನ ಜಾಗವನ್ನೂ ಕೆಲಸದಾಕೆಗೆ ಬಿಟ್ಟುಕೊಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡರು. "ಬೆರಳು ಹೋಯ್ತಪ್ಪಾ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ನಾನು ದಿನಾ ಆ ಬಾಗಿಲ ಮುಂದೆ ಓಡಾಡುತ್ತಿದ್ದೆ, ಅವರು ಕೈ ಎತ್ತುತ್ತಿದ್ದರು, ನಾನೂ ಎತ್ತುತ್ತಿದ್ದೆ. ವಯಸ್ಸಾಯಿತು, ವಿಶ್ರಾಂತಿ ಒಳ್ಳೆಯದೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಮಗೆ ನಗು ಬರಬಹುದು, ಅವರ ವಿಶ್ರಾಂತಿಗೆ ನಾನೇ ಕಾರಣನೆಂದು ಒಂದೆರಡು ಸಲ ಸಮಾಧಾನವನ್ನೂ ಪಟ್ಟಿದ್ದೇನೆ.

ಲೈನ್‌ಮನ್ ಹೋದ ಮೇಲೆ ಅರ್ಧ ಬಾಗಿಲು ಎಳೆದು ನೇರ ಅಲ್ಲಿಗೆ ಹೋದೆ. ಭಾಯ್ ಕುರ್ಚಿಯಲ್ಲೇ ಇದ್ದರು. ಬಿಸಿಲು, ಬೇಸಿಗೆ, ನೈಲಾನಿನ ಗುಣ ಎಂದು ಎಲ್ಲಿಂದಲೋ ಶುರುಮಾಡಿದೆ.

"ಏನು ಹೇಳ್ಬೇಕೋ ಅದ್ ಹೇಳಪ್ಪಾ" ಎಂದರು.

"ಅವತ್ತು ಬಿಚ್ಚಿದ್ದು ಗಂಟಲ್ಲ ಭಾಯ್. ದಾರ ಕಡಿದಿದ್ದು. ನಾನು ಕೊಟ್ಟಿದ್ದು ಹಾಳಾಗಿದ್ದ ದಾರ."

"ನಿನಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ನೀವು ಕೈಗೆ ಕೊಟ್ಟಾಗಲೇ."

ಬೈಯಲಿ ಎಂದು ಕಾದೆ. ಅವರು ಎದ್ದು ಶೆಡ್ಡಿನೊಳಗೆ ಹೋದರು. ಕೆಲಸದಾಕೆಗೆ ಸರಿಯಮ್ಮಾ ಎಂದು ಸನ್ನೆ ಮಾಡಿ ತೊಟ್ಟಿಯ ಮುಂದೆ ಕೂತರು. ಕಡಿದ ಎಳೆಯೊಂದನ್ನು ಹಿಡಿದು ಗಂಟು ಹಾಕಿದರು, ಜಾರಿತು. ಇನ್ನೊಮ್ಮೆ, ಜಾರಿತು. ಎರಡು ವರ್ಷ ಸುಮ್ಮನಿದ್ದ ಬೆರಳು. ಮೂರನೆಯ ಸಲ ನಿಂತಿತು. ಆಮೇಲೆ ಇನ್ನೊಂದು, ಮತ್ತೊಂದು.

ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ತಿರುಗಿ ನೋಡದೆಯೇ ಹೇಳಿದರು: "ಮೀನು ಹೋಗ್ಲಿ. ಬೆರಳು ಹೋದವನು ಅಂದ್ಕೊಂಡು ಎರಡು ವರ್ಷದಿಂದ ನನ್ನ ಅಂಗಿ ಗುಂಡಿ ಹಾಕ್ತಿರೋದು ನಿಮ್ಮ ಭಾಭಿ. ಅವಳಿಗೂ ನೀನೇ ಹೇಳು."

ಅಷ್ಟರಲ್ಲಿ ಭಾಭಿ ಟೀ ತಂದರು. ಗಂಡ ತೊಟ್ಟಿಯ ಮುಂದಿರುವುದನ್ನು ಕಂಡು ಅಲ್ಲೇ ನಿಂತುಬಿಟ್ಟರು. "ಇದೇನು ಇವ್ರು ಅಲ್ಲಿ ಕೂತವ್ರೆ?" ಎಂದು ನನ್ನನ್ನು ಕೇಳಿದರು. ಮುಖದಲ್ಲಿ ಗಾಬರಿ, ಅದರ ಹಿಂದೆಯೇ ಒಂದು ಆಸೆ.

ಟೀ ಲೋಟ ತೆಗೆದುಕೊಳ್ಳಲು ನನ್ನ ಕೈ ಮುಂದೆ ಹೋಗಲಿಲ್ಲ. "ಭಾಭಿ, ನಾನು ಸುಳ್ಳು ಹೇಳಿದ್ದೆ" ಎಂದು ಅಲ್ಲಿಂದಲೇ ಶುರುಮಾಡಿದೆ.