ಗುಡ್ಡಕ್ಕೆ ಹಾಸಿದ ಕೌದಿ

ನನ್ನ ಅತ್ತೆಯ ಬಾಯಿಗೆ ಹೆದರದವರು ಘೋಡಬಂದರ್ ರಸ್ತೆಯಲ್ಲಿ ಯಾರೂ ಇರಲಿಲ್ಲ. ಕಲಬುರಗಿ ಸೀಮೆಯಿಂದ ಬಂದ ನಾವು ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿದ್ದೆವು. ಎಪ್ಪತ್ತರ ದಶಕದ ಕೊನೆಗೆ ರಸ್ತೆಯ ಹಿಂದಿನ ಗುಡ್ಡದಲ್ಲಿ ಅರಣ್ಯ ಇಲಾಖೆಯ ಸಾಗುವಾನಿ ಸಸಿ ನೆಡುವ ಕೂಲಿ ಸಿಕ್ಕಿತು. ಕಳ್ಳರು ಸಾಗುವಾನಿಯನ್ನೆಲ್ಲ ಕಡಿದು ಸಾಗಿಸಿದ್ದರಿಂದ ಗುಡ್ಡ ಬೋಳಾಗಿತ್ತು.

ಅತ್ತೆ ಒಂದೊಂದು ಸಸಿಯನ್ನೂ ಜತನದಿಂದ ನೆಡುತ್ತಿದ್ದಳು. ಕೂಲಿ ಕೆಲಸಕ್ಕೆ ಇಷ್ಟೇಕೆ ಮುತುವರ್ಜಿ ಎಂದು ಒಮ್ಮೆ ಕೇಳಿದೆ.

"ನಾವು ಕಟ್ಟಿದ ಬಿಲ್ಡಿಂಗ್ದಾಗ ವಾಚ್‌ಮನ್ ನಮಗೇ ಒಳಗ ಬಿಡಂಗಿಲ್ಲ. ಈ ಗಿಡದ ನೆಳ್ಳಾಗ ಕೂತ್ರ ಯಾರು ಎಬ್ಬಸ್ತಾರ?" ಎಂದಳು. ಆ ನೆರಳಿನ ಆಸೆ ಅವಳಿಗೆ ಹತ್ತಿಬಿಟ್ಟಿತ್ತು.

ಮರುವರ್ಷ ಮಳೆಗಾಲದಲ್ಲಿ ಹುಳ ಬಿತ್ತು. ನೋಡನೋಡುತ್ತಲೇ ಎಲೆಗಳೆಲ್ಲ ಜರಡಿಯಾದವು. ಉಡುಪಿ ಕಡೆಯ ನಮ್ಮ ಮೇಸ್ತ್ರಿ ಕೈಚೆಲ್ಲಿದರು.

"ಬಿಡಿ ಮಾರಾಯ್ತಿ, ಇದು ಇನ್ನು ಬದುಕುದಿಲ್ಲ. ನಾಳೆಯಿಂದ ಎಲ್ಲ ಕಲ್ಯಾಣದ ಸೈಟಿಗೆ ಬನ್ನಿ."

ಅತ್ತೆ ಹೋಗಲಿಲ್ಲ. ಮರುದಿನ ನಾವು ಹೊದೆಯುವ ಕೌದಿಯನ್ನೇ ಹೊತ್ತು ಗುಡ್ಡ ಹತ್ತಿದಳು. ನಮ್ಮ ಕಡೆ ತೊಗರಿಗೆ ಹುಳ ಬಿದ್ದರೆ ಸಾಲಿನಲ್ಲಿ ಬಟ್ಟೆ ಹಾಸಿ ಗಿಡ ಜಾಡಿಸುತ್ತಾರೆ. ಉದುರಿದ ಹುಳವೆಲ್ಲ ಕೋಳಿಗೆ. ಆದರೆ ತೊಗರಿಯ ಗಟ್ಟಿ ಕಡ್ಡಿಗೆ ಪಳಗಿದ ಕೈಯ ರಭಸವನ್ನು ಸಾಗುವಾನಿಯ ಎಳೆ ಸುಳಿ ತಾಳಲಿಲ್ಲ. ಮೊದಲ ಸಾಲಿನಲ್ಲೇ ಲಟಲಟ ಮುರಿದವು. ಅತ್ತೆ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸತ್ತಾಗಲೂ ಊರವರನ್ನು ಬೈದುಕೊಂಡೇ ಓಡಾಡಿದ ಹೆಂಗಸು ಅದು.

ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ಒಂದು ಕೈಯಲ್ಲಿ ಸುಳಿ ಹಿಡಿದು, ಇನ್ನೊಂದರಿಂದ ಕೂಸಿನ ಬೆನ್ನು ತಟ್ಟಿದಂತೆ ತಟ್ಟತೊಡಗಿದಳು. ಸುಮ್ಮನೆ ನೋಡುತ್ತ ನಿಲ್ಲಲು ಯಾರಿಗೆ ಧೈರ್ಯ? ಗ್ಯಾಂಗಿನ ಹೆಂಗಸರೆಲ್ಲ ಕೌದಿ ತಂದರು. ಮೇಸ್ತ್ರಿಯೂ ಲುಂಗಿ ಎತ್ತಿಕಟ್ಟಿ ಬಂದರು. ಹುಳ ತಿಂದು ತಿಂದು ನಮ್ಮ ಕೋಳಿಗಳು ನಡೆಯಲಾರದಷ್ಟು ಕೊಬ್ಬಿದವು. ಎಷ್ಟೋ ಸಸಿ ಸತ್ತವು, ನಿಜ. ಉಳಿದವು ಚಿಗುರಿದವು; ಕಳ್ಳರು ಕಡಿದ ಬೊಡ್ಡೆಗಳಲ್ಲೂ ಕುಡಿ ಒಡೆಯಿತು. ಅಂಥ ಹೆಂಗಸಿನ ಸೊಸೆ ಎಂದು ನನಗೆ ಇವತ್ತಿಗೂ ಜಂಬ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಡೊಂಬಿವಲಿಗೆ ಬಂದಿದ್ದೆವು. ಒಂದು ಭಾನುವಾರ ಅತ್ತೆ ಹಟ ಹಿಡಿದು ನನ್ನನ್ನು ಆ ಗುಡ್ಡಕ್ಕೆ ಕರೆದೊಯ್ದಳು. ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವಷ್ಟರಲ್ಲಿ ಅರಣ್ಯ ಇಲಾಖೆಯ ಹೊಸ ಗಾರ್ಡ್ ಒಬ್ಬ ಬಂದ.

"ಏ ಮಾವ್ಶಿ, ಉಠೋ ಇಧರ್ ಸೇ," ಎಂದು ನಮ್ಮನ್ನು ಅಲ್ಲಿಂದ ಎಬ್ಬಿಸಲು ನೋಡಿದ.

ಅವನ ಕಥೆ ಮುಗಿಯಿತು ಎಂದುಕೊಂಡೆ. ಅತ್ತೆ ಬೈಯಲಿಲ್ಲ. ಎದ್ದು, ಮರವನ್ನು ಎರಡೂ ಕೈಯಿಂದ ಹಿಡಿದು ಜಾಡಿಸಿ ನೋಡಿದಳು. ಅದು ಮಿಸುಕಲಿಲ್ಲ.

"ಅಲಗಂಗಿಲ್ಲ ನೋಡು," ಎಂದು ನನ್ನತ್ತ ತಿರುಗಿ ನಕ್ಕಳು. ಗಾರ್ಡಿಗೂ ಒಂದು ರೊಟ್ಟಿ ಚಾಚಿ ಮತ್ತೆ ಅಲ್ಲೇ ಕೂತಳು. ಅವನೂ ಕೂತ.